ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಅರ್ಧಕ್ಕೇ ನಿಂತ ಮಾತು ಇದು. "ಅಮ್ಮ, ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ ಹೋಗ್ಬೇಕು ಅಂದ್ರೆ ಸಿಎಫ್‌ಎ ಮಾಡ್ಲಾ, ಎಂಬಿಎ ಮಾಡ್ಲಾ?" ಅಂತ ಕೇಳಿದೆ. ಸಿಎಫ್‌ಎ ಅನ್ನೋ ಹಣಕಾಸಿನ ವೃತ್ತಿ ಪರೀಕ್ಷೆ, ಎಂಬಿಎ ಪದವಿ, ಎರಡರ ಬಗ್ಗೆಯೂ ಉತ್ತರ ಕೊಡುತ್ತೇನೆ, ಆದರೆ ಆಮೇಲೆ. ಮೊದಲು ನನ್ನದೊಂದು ಪ್ರಶ್ನೆ. ಆ ಕೆಲಸ ಸಿಕ್ಕಿತು ಅಂತಿಟ್ಟುಕೋ. ಮಂಗಳವಾರ ರಾತ್ರಿ 11 ಗಂಟೆಗೆ ನಿನ್ನ ಕಂಪ್ಯೂಟರ್ ಪರದೆಯ ಮೇಲೆ ಏನಿರುತ್ತದೆ? ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಕೋರ್ಸಿನ ಮಾತು ಈಗಲೇ ಬೇಡ.

ನಾನು ಬ್ಯಾಂಕರ್ ಅಲ್ಲ, ನಿನಗೇ ಗೊತ್ತು. ಆದರೆ ಒಂದು ಕಂಪನಿಯ ಟ್ರೆಷರಿಯಲ್ಲಿ, ಅಂದರೆ ಅದರ ನಗದು, ಸಾಲ ನೋಡಿಕೊಳ್ಳುವ ವಿಭಾಗದಲ್ಲಿ ಕೂತು ಇಷ್ಟು ವರ್ಷ ಬ್ಯಾಂಕರ್‌ಗಳಿಗೆ ಕೆಲಸ ಕೊಟ್ಟವಳು, ಅವರ ಜೊತೆ ಫೀಸಿಗಾಗಿ ಜಗ್ಗಾಡಿದವಳು, ಅವರು ತರುವ ದಪ್ಪ ದಪ್ಪ ಪುಸ್ತಕಗಳನ್ನು ಕೊನೇ ಪುಟದವರೆಗೂ ಓದಿದವಳು. ಗಿರಾಕಿಯ ಕುರ್ಚಿಯಲ್ಲಿ ಕೂತವರಿಗೆ ಕೆಲವು ವಿಷಯ ಚೆನ್ನಾಗಿ ಕಾಣುತ್ತದೆ.

ಬ್ಯಾಂಕು ಅಂದ ಕೂಡಲೇ ಠೇವಣಿ, ಸಾಲ, ಪಾಸ್‌ಬುಕ್ಕು ನೆನಪಾಗುತ್ತದೆ. ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಕೆಲಸವೇ ಬೇರೆ. ಕಂಪನಿಗೆ ದುಡ್ಡು ಬೇಕಾದಾಗ ಷೇರು ಇಲ್ಲವೇ ಬಾಂಡ್ ಮೂಲಕ ಹೂಡಿಕೆದಾರರಿಂದ ಎತ್ತಿಸಿಕೊಡುವುದು ಒಂದು. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ, ಮಾರುವಾಗ ಸಲಹೆ ಕೊಡುವುದು ಇನ್ನೊಂದು. ಈ ಎರಡನೆಯದು ಮನೆ ಮಾರಿಸುವ ದಲ್ಲಾಳಿಯ ಕೆಲಸಕ್ಕೆ ತೀರಾ ಹತ್ತಿರ. ಎಷ್ಟು ಬೆಲೆ ಬಾಳುತ್ತದೆ ಅಂತ ಹೇಳಬೇಕು, ಕೊಳ್ಳುವವರನ್ನು ಹುಡುಕಬೇಕು, ಕಾಗದಪತ್ರ ಸರಿಯಿದೆಯಾ ನೋಡಬೇಕು, ಕೊನೇ ಗಳಿಗೆಯಲ್ಲಿ ಯಾರೂ ಎದ್ದು ಹೋಗದ ಹಾಗೆ ಹಿಡಿದು ಕೂರಿಸಬೇಕು. ವ್ಯವಹಾರ ಕುದುರಿದರೆ ಫೀಸು. ಮುರಿದುಬಿದ್ದರೆ ಎಷ್ಟೋ ಸಲ ಪಟ್ಟ ಪಾಡಿಗೆ ಏನೂ ಗಿಟ್ಟುವುದಿಲ್ಲ. ತಮಾಷೆ ಅಂದರೆ ಈ ಹಳೇ ದೊಡ್ಡ ಹೆಸರುಗಳಲ್ಲಿ ಕೆಲವು ಹಣಕಾಸಿನಿಂದ ಶುರುವಾದವೇ ಅಲ್ಲ. ಲಜಾರ್ಡ್ 1848ರಲ್ಲಿ ಬಟ್ಟೆಬರೆ ಮಾರುವ ಅಂಗಡಿಯಾಗಿ ಹುಟ್ಟಿದ್ದು. ಲೆಹ್ಮನ್ ಸಹೋದರರು ಅಲಬಾಮಾದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದವರು.

ಸ್ವಲ್ಪ ಇತಿಹಾಸ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡ. 1929ರ ಷೇರುಪೇಟೆ ಕುಸಿತದ ನಂತರ ಅಮೆರಿಕ 1933ರಲ್ಲಿ ಗ್ಲಾಸ್-ಸ್ಟೀಗಲ್ ಕಾಯ್ದೆ ತಂದಿತು. ಜನರ ಠೇವಣಿ ಇಟ್ಟುಕೊಳ್ಳುವ ಬ್ಯಾಂಕು ಒಂದು ಕಡೆ, ಷೇರು-ಬಾಂಡ್ ಮಾರಿಸುವ ಬ್ಯಾಂಕು ಇನ್ನೊಂದು ಕಡೆ ಅಂತ ಗೆರೆ ಎಳೆಯಿತು. ಜೆಪಿ ಮಾರ್ಗನ್‌ನಿಂದ ಕೆಲವರು ಹೊರಬಂದು 1935ರಲ್ಲಿ ಮಾರ್ಗನ್ ಸ್ಟ್ಯಾನ್ಲಿ ಕಟ್ಟಿದ್ದು ಹೀಗೆ. 1999ರಲ್ಲಿ ಆ ಗೆರೆಯನ್ನು ಬಹುಪಾಲು ಅಳಿಸಿದರು. 2008ರ ಸೆಪ್ಟೆಂಬರ್‌ನಲ್ಲಿ ಲೆಹ್ಮನ್ ಬ್ರದರ್ಸ್ ದಿವಾಳಿಯಾಯಿತು. ಅದಾದ ಕೆಲವೇ ದಿನಕ್ಕೆ ಗೋಲ್ಡ್‌ಮನ್ ಸ್ಯಾಕ್ಸ್, ಮಾರ್ಗನ್ ಸ್ಟ್ಯಾನ್ಲಿ ಎರಡೂ ಸಾಮಾನ್ಯ ಬ್ಯಾಂಕುಗಳ ಹಾಗೆ ಕೇಂದ್ರ ಬ್ಯಾಂಕಿನ ನಿಗಾದಡಿ ಬಂದವು. ಈಗ ಒಂದೇ ಬೋರ್ಡಿನ ಕೆಳಗೆ ಎಲ್ಲವೂ ಇದೆ. ಹಾಗಾಗಿ "ನನಗೆ ಆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು" ಅಂತ ನಿನ್ನ ಸೀನಿಯರ್ ಹೇಳಿದರೆ ಅದರಿಂದ ನಿನಗೆ ತಿಳಿಯೋದು ಏನೂ ಇಲ್ಲ. ಯಾವ ವಿಭಾಗ, ಯಾವ ತಂಡ ಅಂತ ಕೇಳು. ಒಂದೇ ಕಟ್ಟಡದ ಎರಡು ಮಹಡಿಯ ಕೆಲಸಕ್ಕೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ.

ಉದಾಹರಣೆಗೆ ಟ್ರೇಡಿಂಗ್ ಮಹಡಿ ತಗೋ. ಅಲ್ಲಿ ಪೇಟೆ ತೆರೆಯುವ ಮುಂಚೆ ಬರಬೇಕು, ಮುಚ್ಚಿದ ಮೇಲೆ ಸ್ವಲ್ಪ ಹೊತ್ತಿಗೆ ಹೊರಡಬಹುದು. ಆದರೆ ನಡುವಿನ ಅಷ್ಟೂ ಹೊತ್ತು ಕಣ್ಣು ಪರದೆಯಿಂದ ಆಚೆ ಈಚೆ ಹೋಗುವಂತಿಲ್ಲ. ಗಿರಾಕಿ ಬೆಲೆ ಕೇಳಿದರೆ ಕೆಲವೇ ಸೆಕೆಂಡಿನಲ್ಲಿ ಹೇಳಬೇಕು. ಹೇಳಿದ್ದು ತಪ್ಪಿದರೆ ಅವತ್ತೇ ಸಂಜೆ ಲೆಕ್ಕದಲ್ಲಿ ಕಾಣುತ್ತದೆ. ಅಮೆರಿಕದಲ್ಲಿ 2010ರ ಕಾಯ್ದೆಯ ಜೊತೆ ಬಂದ ವೋಲ್ಕರ್ ನಿಯಮದ ನಂತರ ಬ್ಯಾಂಕುಗಳು ತಮ್ಮ ಸ್ವಂತ ದುಡ್ಡಿನಲ್ಲಿ ಬಾಜಿ ಕಟ್ಟುವುದು ಕಡಿಮೆಯಾಗಿದೆ. ಈಗ ಹೆಚ್ಚಾಗಿ ಗಿರಾಕಿಗಳ ಖರೀದಿ-ಮಾರಾಟಕ್ಕೆ ನಡುವೆ ನಿಲ್ಲುವ ಕೆಲಸ. ಕಂಪನಿಗಳ ವಿಲೀನ ನೋಡಿಕೊಳ್ಳುವ ತಂಡದಲ್ಲಿ ಇದರ ತದ್ವಿರುದ್ಧ. ಅಲ್ಲಿ ಪೇಟೆಯ ಗಡಿಯಾರಕ್ಕೆ ಬೆಲೆ ಇಲ್ಲ, ಗಿರಾಕಿಯ ಗಡಿಯಾರವೇ ಗಡಿಯಾರ. ಒಂದು ವ್ಯವಹಾರ ಆರು ತಿಂಗಳು ಎಳೆಯಬಹುದು. ಹಗಲೆಲ್ಲ ಏನೂ ಇಲ್ಲದೆ ಕಾಯುತ್ತಾ ಕೂತು, ಸಂಜೆ ಏಳಕ್ಕೆ ಕೆಲಸ ಬಂದು ಬೀಳಬಹುದು. ರಿಸರ್ಚ್ ವಿಭಾಗದವರು ಒಂದೇ ಉದ್ಯಮವನ್ನು ವರ್ಷಗಟ್ಟಲೆ ಓದಿ, ಅದರ ಬಗ್ಗೆ ಬರೆದು, ಹೂಡಿಕೆದಾರರ ಜೊತೆ ವಾದ ಮಾಡುವವರು. ಬರೆಯುವ ಚಟ ಇರೋರಿಗೆ ಅದು ಒಳ್ಳೆಯ ಜಾಗ. ನಿನಗೂ ಆಗಬಹುದೇನೋ.

ಈಗ ಮಂಗಳವಾರ ರಾತ್ರಿಯ ಪರದೆಗೆ ಬರೋಣ. ವಿಲೀನದ ತಂಡಕ್ಕೆ ಹೊಸದಾಗಿ ಸೇರಿದ ಅನಲಿಸ್ಟ್ ಪರದೆಯ ಮೇಲೆ ಎರಡು ಫೈಲ್ ತೆರೆದಿರುತ್ತವೆ. ಒಂದು ಎಕ್ಸೆಲ್, ಇನ್ನೊಂದು ಪವರ್‌ಪಾಯಿಂಟ್. ಪಕ್ಕದಲ್ಲಿ ಪಿಚ್ ಬುಕ್ಕಿನ, ಅಂದರೆ ಗಿರಾಕಿಯ ಮುಂದಿಡುವ ಪ್ರಸ್ತಾವದ ಪುಸ್ತಕದ ಪ್ರಿಂಟು, ಅದರ ತುಂಬಾ ಮೇಲಿನವರು ಕೆಂಪು ಪೆನ್ನಿನಲ್ಲಿ ತಿದ್ದಿದ ಗೀಟು. ಈ ಗ್ರಾಫಿನ ಬಣ್ಣ ಬದಲಿಸು, ಆ ಕಂಪನಿಯನ್ನು ಹೋಲಿಕೆಯ ಪಟ್ಟಿಯಿಂದ ತೆಗಿ, ಹದಿನೆಂಟನೇ ಪುಟದ ಅಂಕಿಗೂ ಆರನೇ ಪುಟದ ಅಂಕಿಗೂ ತಾಳೆ ಇಲ್ಲ ನೋಡು. ಇಷ್ಟೇನಾ ಅಂತ ನಿನಗನಿಸಬಹುದು. ಮೊದಲ ಎರಡು ವರ್ಷ ಹೆಚ್ಚುಕಡಿಮೆ ಇಷ್ಟೇ. ದೂರದ ಬೆಟ್ಟ ನುಣ್ಣಗೆ ಅನ್ನೋದು ಈ ಕಸುಬಿಗೆ ಚೆನ್ನಾಗಿ ಒಪ್ಪುತ್ತದೆ.

ಹಾಗಂತ ಅದು ಬರೀ ಗುಮಾಸ್ತಿಕೆ ಅಂತ ತಳ್ಳಿಹಾಕಬೇಡ. ಒಂದು ಸಲ ನಮ್ಮ ಕಂಪನಿ ಬಾಂಡ್ ಬಿಡುಗಡೆ ಮಾಡುವ ಯೋಚನೆಯಲ್ಲಿತ್ತು. ಬ್ಯಾಂಕಿನ ತಂಡ ಬಂದು ಕೂತಿತು. ಎಂಡಿ ಅಂದರೆ ಮ್ಯಾನೇಜಿಂಗ್ ಡೈರೆಕ್ಟರ್, ಅವರ ಪಕ್ಕದಲ್ಲಿ ವೈಸ್ ಪ್ರೆಸಿಡೆಂಟು, ಟೇಬಲ್ಲಿನ ಕೊನೆಯಲ್ಲಿ ಲ್ಯಾಪ್‌ಟಾಪ್ ಹಿಡಿದ ಒಬ್ಬಳು ಹುಡುಗಿ, ನಿನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. ನಮ್ಮ ಸಿಎಫ್‌ಓ, ಅಂದರೆ ಕಂಪನಿಯ ಹಣಕಾಸು ಮುಖ್ಯಸ್ಥರು, ಒಂದು ಪುಟ ತಿರುವಿ, "ನಮ್ಮ ನಿವ್ವಳ ಸಾಲ ಇಷ್ಟಿಲ್ಲ. ಈ ಅಂಕಿ ಎಲ್ಲಿಂದ ತಂದಿರಿ?" ಅಂದರು. ಎಂಡಿ ವೈಸ್ ಪ್ರೆಸಿಡೆಂಟಿನ ಮುಖ ನೋಡಿದರು. ವೈಸ್ ಪ್ರೆಸಿಡೆಂಟು ಆ ಹುಡುಗಿಯ ಮುಖ ನೋಡಿದರು. ಅವಳು ಗಾಬರಿಯಾಗದೆ, "ಬಾಡಿಗೆ ಒಪ್ಪಂದಗಳ ಬಾಧ್ಯತೆಯನ್ನೂ ಸೇರಿಸಿದ್ದೇವೆ ಸರ್. ಐಎಫ್‌ಆರ್‌ಎಸ್ 16 ಬಂದ ಮೇಲೆ ಅದು ನಿಮ್ಮ ಬ್ಯಾಲೆನ್ಸ್ ಶೀಟಿನಲ್ಲೇ ಇದೆ. ಅದನ್ನು ಬಿಟ್ಟು ಹಾಕಿದ ಲೆಕ್ಕ ಅಪೆಂಡಿಕ್ಸಿನಲ್ಲಿದೆ" ಅಂದಳು. 2019ರಿಂದ ಜಾರಿಗೆ ಬಂದ ಲೆಕ್ಕಪತ್ರದ ನಿಯಮ ಅದು. ಬಾಡಿಗೆಗೆ ಪಡೆದ ಕಟ್ಟಡ, ವಾಹನಗಳ ಮುಂದಿನ ಕಂತುಗಳನ್ನೂ ಸಾಲದ ಹಾಗೆ ತೋರಿಸಬೇಕು ಅನ್ನುತ್ತದೆ. ಸಿಎಫ್‌ಓ ಅಪೆಂಡಿಕ್ಸ್ ತೆಗೆದು ನೋಡಿದರು, ಅವರ ಅಂಕಿ ಅಲ್ಲೇ ಇತ್ತು. ಆ ಬ್ಯಾಂಕಿಗೇ ಕೆಲಸ ಕೊಟ್ಟೆವು. ಅದೊಂದೇ ಕಾರಣಕ್ಕೆ ಅಂತ ಹೇಳಲಾರೆ. ಆದರೆ ಅವರು ಹೋದ ಮೇಲೆ ನಮ್ಮಲ್ಲಿ ಮಾತು ನಡೆದದ್ದು ಎಂಡಿ ಬಗ್ಗೆ ಅಲ್ಲ, ಆ ಹುಡುಗಿ ಬಗ್ಗೆ.

ಅಂಕಿ ಹಾಕುವುದು ಯಾರಿಗೂ ಬರುತ್ತದೆ. ಅದು ಎಲ್ಲಿಂದ ಬಂತು, ಅದನ್ನು ಅಲುಗಾಡಿಸಿದರೆ ಬೇರೆ ಏನೇನು ಅಲುಗಾಡುತ್ತದೆ ಅನ್ನೋದು ಗೊತ್ತಿರಬೇಕು. ಇಂಟರ್‌ವ್ಯೂಗಳಲ್ಲಿ ಕೇಳುವುದೂ ಇದನ್ನೇ. ಎಲ್ಲರಿಗೂ ಬರುವ ಒಂದು ಹಳೇ ಪ್ರಶ್ನೆ ಇದೆ: ಸವಕಳಿ, ಅಂದರೆ ಯಂತ್ರ-ಕಟ್ಟಡ ಹಳೆಯದಾಗುವುದಕ್ಕೆ ಬರೆಯುವ ಖರ್ಚು, 10 ಜಾಸ್ತಿಯಾದರೆ ಮೂರೂ ಲೆಕ್ಕಪಟ್ಟಿಗಳಲ್ಲಿ ಏನಾಗುತ್ತದೆ? ತೆರಿಗೆ ದರ 25% ಅಂತಿಟ್ಟುಕೋ. ಲಾಭ-ನಷ್ಟದ ಪಟ್ಟಿಯಲ್ಲಿ ತೆರಿಗೆಗೆ ಮುಂಚಿನ ಲಾಭ 10 ಇಳಿಯಿತು. ತೆರಿಗೆ 2.5 ಉಳಿಯಿತು. ಹಾಗಾಗಿ ನಿವ್ವಳ ಲಾಭ ಇಳಿದದ್ದು 7.5. ಕ್ಯಾಶ್ ಫ್ಲೋಗೆ, ಅಂದರೆ ನಗದು ಬಂದುಹೋದ ಪಟ್ಟಿಗೆ ಬಾ. 7.5 ಕಡಿಮೆಯಿಂದ ಶುರು ಮಾಡು. ಆದರೆ ಸವಕಳಿಗೆ ಕೈಯಿಂದ ದುಡ್ಡು ಹೋಗಿಲ್ಲವಲ್ಲ, ಅದಕ್ಕೇ 10 ವಾಪಸ್ ಕೂಡು. ನಗದು 2.5 ಏರಿತು! ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯ ಕಡೆ ನಗದು 2.5 ಮೇಲೆ, ಯಂತ್ರ-ಕಟ್ಟಡದ ಬೆಲೆ 10 ಕೆಳಗೆ, ಒಟ್ಟು 7.5 ಇಳಿಕೆ. ಇನ್ನೊಂದು ಕಡೆ ಉಳಿಸಿಕೊಂಡ ಲಾಭವೂ 7.5 ಇಳಿಕೆ. ಎರಡೂ ಸಮ. ಲಾಭ ಇಳಿದಾಗ ನಗದು ಏರಿತು ಅನ್ನೋದನ್ನು ಓದಿ ನಿನ್ನ ಹುಬ್ಬು ಮೇಲೇರಿದರೆ, ಇದು ಯಾಕೆ ಹೀಗೆ ಅಂತ ಇನ್ನೊಂದು ಸಲ ಪೆನ್ಸಿಲ್ ಹಿಡಿದು ಕೂತರೆ, ನಿನಗೆ ಈ ಕಡೆ ನಿಜವಾಗಿ ಒಲವಿದೆ. ಉತ್ತರ ಬಾಯಿಪಾಠ ಮಾಡಿ ಮುಂದಿನ ಪ್ರಶ್ನೆಗೆ ಹೋದರೆ ಅದೂ ಒಂದು ಸೂಚನೆ. ಬಾಯಿಪಾಠ ಮಾಡಿದವರನ್ನು ಹಿಡಿಯೋದು ಸುಲಭ. "ಆ ಯಂತ್ರವನ್ನು ಪೂರ್ತಿ ಸಾಲದಲ್ಲೇ ಕೊಂಡಿದ್ದರೆ?" ಅಂತ ಒಂದು ಎಳೆ ಸೇರಿಸಿದರೆ ಸಾಕು, ಸುಮ್ನಾಗಿಬಿಡುತ್ತಾರೆ.

ಇನ್ನು ದುಡಿಮೆಯ ಹೊತ್ತು. ಇದನ್ನು ಯಾರೂ ನಿನ್ನಿಂದ ಮುಚ್ಚಿಡುವುದಿಲ್ಲ, ಆದರೆ ಎಲ್ಲರೂ ಅದನ್ನು ಶೌರ್ಯದ ಕಥೆಯ ಹಾಗೆ ಹೇಳುತ್ತಾರೆ. 2021ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸಿನ 13 ಮಂದಿ ಹೊಸ ಅನಲಿಸ್ಟ್‌ಗಳು ತಮ್ಮಲ್ಲೇ ಒಂದು ಸಮೀಕ್ಷೆ ಮಾಡಿ ಮೇಲಿನವರ ಮುಂದಿಟ್ಟರು. ವಾರಕ್ಕೆ ಸರಾಸರಿ 95 ಗಂಟೆ ಕೆಲಸ ಅಂತ ಅದರಲ್ಲಿತ್ತು. ಏಳು ದಿನಕ್ಕೆ ಹಂಚಿ ನೋಡು, ದಿನಕ್ಕೆ ಹದಿಮೂರೂವರೆ ಗಂಟೆಗೂ ಜಾಸ್ತಿ, ರಜೆಯೇ ಇಲ್ಲದೆ. 2013ರಲ್ಲೇ ಅದೇ ಬ್ಯಾಂಕು ಶುಕ್ರವಾರ ರಾತ್ರಿ 9ರಿಂದ ಭಾನುವಾರ ಬೆಳಗ್ಗೆ 9ರವರೆಗೆ ಕಿರಿಯರು ಆಫೀಸಿಗೆ ಬರಬಾರದು ಅಂತ ನಿಯಮ ಮಾಡಿತ್ತು. 2024ರಲ್ಲಿ ಜೆಪಿ ಮಾರ್ಗನ್ ವಾರಕ್ಕೆ 80 ಗಂಟೆಯ ಮಿತಿ ಹಾಕಿತು, ಅದೂ ವ್ಯವಹಾರ ಬಿಸಿಯಾಗಿದ್ದಾಗ ಸಡಿಲವಾಗುತ್ತದೆ. 80 ಅನ್ನೋದು ಮಿತಿ! ಸಂಬಳ, ಬೋನಸ್ ದೊಡ್ಡದೇ, ಇಲ್ಲ ಅನ್ನೋಲ್ಲ. ಒಟ್ಟು ಮೊತ್ತವನ್ನು ಗಂಟೆಗಳಿಂದ ಭಾಗಿಸಿ ನೋಡು ಅಂತ ಮಾತ್ರ ಹೇಳುತ್ತೇನೆ. ನಿನಗೆ ಹಠ ಇದೆ. ಆದರೆ ಎರಡು ರಾತ್ರಿ ನಿದ್ದೆಗೆಟ್ಟರೆ ಮೂರನೇ ದಿನ ನಿನ್ನ ಹತ್ತಿರ ಯಾರೂ ಸುಳಿಯೋ ಹಾಗಿಲ್ಲ. ಹೆತ್ತವಳಿಗೆ ಗೊತ್ತಿರೋ ವಿಷಯ ಇದು, ಅದಕ್ಕೇ ಬರೆದೆ.

ಮೆಟ್ಟಿಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅನಲಿಸ್ಟ್ ಎರಡು ಮೂರು ವರ್ಷ, ಆಮೇಲೆ ಅಸೋಸಿಯೇಟ್, ವೈಸ್ ಪ್ರೆಸಿಡೆಂಟ್, ಡೈರೆಕ್ಟರ್, ಕೊನೆಗೆ ಮ್ಯಾನೇಜಿಂಗ್ ಡೈರೆಕ್ಟರ್. ವೈಸ್ ಪ್ರೆಸಿಡೆಂಟ್ ಅಂದರೆ ಭಾರಿ ಹುದ್ದೆ ಅಂತ ಮೋಸ ಹೋಗಬೇಡ, ಬ್ಯಾಂಕುಗಳಲ್ಲಿ ಅದು ನಡುವಿನ ಮೆಟ್ಟಿಲು. ವಿಚಿತ್ರ ಅಂದರೆ ಮೇಲೆ ಹೋದ ಹಾಗೆ ಕೆಲಸದ ಜಾತಿಯೇ ಬದಲಾಗುತ್ತದೆ. ಕೆಳಗೆ ಲೆಕ್ಕ ಮಾಡುತ್ತೀಯ, ನಡುವೆ ಲೆಕ್ಕ ಮಾಡಿಸುತ್ತೀಯ, ಮೇಲೆ ವ್ಯಾಪಾರ ತರುತ್ತೀಯ. ಎಂಡಿ ಆದವರು ಎಕ್ಸೆಲ್ ಮುಟ್ಟುವುದು ಅಪರೂಪ. ಗಿರಾಕಿಗಳ ಜೊತೆ ವರ್ಷಗಟ್ಟಲೆ ನಂಟು ಇಟ್ಟುಕೊಂಡು, ಅವರಿಗೆ ಯಾವತ್ತೋ ಒಂದು ದಿನ ಕಂಪನಿ ಮಾರಬೇಕು ಅನಿಸಿದಾಗ ಮೊದಲ ಫೋನು ತಮಗೇ ಬರುವ ಹಾಗೆ ನೋಡಿಕೊಳ್ಳುವುದೇ ಅವರ ಕೆಲಸ. ಲೆಕ್ಕ ಇಷ್ಟ ಅಂತ ಒಳಗೆ ಬಂದವರಲ್ಲಿ ಅನೇಕರು ಎರಡು ಮೂರು ವರ್ಷಕ್ಕೆ ಬೇರೆ ಕಡೆ ಹೊರಡುವುದಕ್ಕೆ ಇದೂ ಒಂದು ಕಾರಣ.

ಎಲ್ಲಿಗೆ ಹೊರಡುತ್ತಾರೆ? ಹೆಚ್ಚಿನವರ ಕಣ್ಣು ಪ್ರೈವೇಟ್ ಈಕ್ವಿಟಿ ಮೇಲೆ. ಸಾಲ ತಂದು ಇಡೀ ಕಂಪನಿಯನ್ನೇ ಕೊಂಡು, ಸರಿಮಾಡಿ, ಕೆಲವು ವರ್ಷದ ಮೇಲೆ ಮಾರುವ ದಂಧೆ ಅದು. ಕೆಕೆಆರ್ ಸಂಸ್ಥೆ 1989ರಲ್ಲಿ ಆರ್‌ಜೆಆರ್ ನಬಿಸ್ಕೋವನ್ನು ಸುಮಾರು 2500 ಕೋಟಿ ಡಾಲರ್‌ಗೆ ಕೊಂಡಾಗ ಜಗತ್ತೇ ತಿರುಗಿ ನೋಡಿತ್ತು. ಬ್ಯಾಂಕಿನಲ್ಲಿ ಸಲಹೆ ಕೊಟ್ಟು ಕೈತೊಳೆದುಕೊಳ್ಳಬಹುದು. ಇಲ್ಲಿ ಕೊಂಡ ಮೇಲೆ ಅದರ ಜೊತೆ ಬದುಕಬೇಕು. ಇನ್ನು ಕೆಲವರು ಹೆಡ್ಜ್ ಫಂಡಿಗೆ, ಅಂದರೆ ದೊಡ್ಡ ಹೂಡಿಕೆದಾರರ ದುಡ್ಡನ್ನು ಪೇಟೆಯಲ್ಲಿ ತೊಡಗಿಸುವ ಖಾಸಗಿ ಫಂಡಿಗೆ, ಕೆಲವರು ಇತರರ ಹೂಡಿಕೆ ನೋಡಿಕೊಳ್ಳುವ ಅಸೆಟ್ ಮ್ಯಾನೇಜ್‌ಮೆಂಟಿಗೆ ಹೋಗುತ್ತಾರೆ. ಅಸೆಟ್ ಮ್ಯಾನೇಜ್‌ಮೆಂಟ್ ಬಗ್ಗೆ ಒಂದು ಮಾತು. 1976ರಲ್ಲಿ ಜಾನ್ ಬೋಗಲ್ ಅವರ ವ್ಯಾನ್‌ಗಾರ್ಡ್ ಸಾಮಾನ್ಯ ಹೂಡಿಕೆದಾರರಿಗೆ ಮೊದಲ ಇಂಡೆಕ್ಸ್ ಫಂಡ್ ತಂದಾಗ ಜನ ನಕ್ಕರು. ಷೇರುಗಳನ್ನು ಆರಿಸದೆ ಇಡೀ ಸೂಚ್ಯಂಕವನ್ನೇ ಕೊಳ್ಳುವುದು ಅದರ ಉಪಾಯ. ಈಗ ಅಂಥ ಫಂಡುಗಳಿಗೆ ಹರಿದ ದುಡ್ಡಿನಿಂದಾಗಿ ಇಡೀ ಉದ್ಯಮದ ಫೀಸು ಕರಗುತ್ತಾ ಬಂದಿದೆ. ಷೇರು ಆರಿಸುವುದನ್ನೇ ಹೊಟ್ಟೆಪಾಡು ಮಾಡಿಕೊಳ್ಳುವವರು ಇದನ್ನು ತಲೆಯಲ್ಲಿಟ್ಟುಕೊಂಡೇ ಬರಬೇಕು.

ಗಣಿತ ನಿನಗೆ ಇಷ್ಟ, ಹಾಗಾಗಿ ಕ್ವಾಂಟ್ ಕೆಲಸದ, ಅಂದರೆ ಗಣಿತದ ಮಾದರಿ ಕಟ್ಟಿ ಹೂಡಿಕೆ ಮಾಡುವ ಕೆಲಸದ ಹೆಸರೂ ನಿನ್ನ ಕಿವಿಗೆ ಬಿದ್ದಿರುತ್ತದೆ. ಅಲ್ಲಿ ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ಓದಿದವರಿಗೇ ಮಣೆ. ಕಾಮರ್ಸ್ ಪದವಿಗಿಂತ ಸಂಭವನೀಯತೆ, ಪ್ರೋಗ್ರಾಮಿಂಗ್ ಗಟ್ಟಿಯಾಗಿರಬೇಕು. ಬುದ್ಧಿಯೊಂದೇ ಸಾಲದು ಅನ್ನೋದಕ್ಕೆ ಆ ಲೋಕದಲ್ಲೇ ಉದಾಹರಣೆ ಇದೆ. ಲಾಂಗ್-ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಅನ್ನುವ ಹೆಡ್ಜ್ ಫಂಡಿನ ಪಾಲುದಾರರಲ್ಲಿ ಇಬ್ಬರಿಗೆ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. 1998ರಲ್ಲಿ ಫಂಡು ಮುಳುಗಿತು, ದೊಡ್ಡ ಬ್ಯಾಂಕುಗಳು ಒಟ್ಟಾಗಿ ಸುಮಾರು 360 ಕೋಟಿ ಡಾಲರ್ ಹಾಕಿ ಎತ್ತಬೇಕಾಯಿತು.

ನಿನ್ನ ಸ್ನೇಹಿತರು "ಫ್ರಂಟ್ ಆಫೀಸ್ ಸಿಕ್ಕಿದರೆ ಮಾತ್ರ ಸರಿ, ರಿಸ್ಕು, ಆಪರೇಷನ್ಸು ಎಲ್ಲ ಎರಡನೇ ದರ್ಜೆ" ಅನ್ನುತ್ತಾರಂತೆ. ಫ್ರಂಟ್ ಆಫೀಸ್ ಅಂದರೆ ಗಿರಾಕಿ, ವ್ಯಾಪಾರ ನೋಡುವ ಕಡೆ; ರಿಸ್ಕು, ಆಪರೇಷನ್ಸು ಅಂದರೆ ಅಪಾಯ ಅಳೆಯುವ, ಲೆಕ್ಕ ತಾಳೆ ನೋಡುವ ಕಡೆ. ಅವರಿಗೆ ಬೇರಿಂಗ್ಸ್ ಬ್ಯಾಂಕಿನ ಕಥೆ ಹೇಳು. 1762ರಲ್ಲಿ ಶುರುವಾದ ಬ್ಯಾಂಕು. 1995ರಲ್ಲಿ ಸಿಂಗಪುರದ ಅದರ ಟ್ರೇಡರ್ ನಿಕ್ ಲೀಸನ್ ಮಾಡಿದ ನಷ್ಟ 82.7 ಕೋಟಿ ಪೌಂಡು. ಅಷ್ಟು ದಿನ ಅದು ಹೊರಗೆ ಬರಲಿಲ್ಲ ಯಾಕೆ ಗೊತ್ತಾ? ವ್ಯಾಪಾರ ಮಾಡುವವನೂ ಅವನೇ, ಆ ವ್ಯಾಪಾರದ ಲೆಕ್ಕ ತಾಳೆ ನೋಡುವ ವಿಭಾಗವೂ ಅವನ ಕೈಯಲ್ಲೇ. ನಷ್ಟವನ್ನೆಲ್ಲ 88888 ಅನ್ನುವ ಒಂದು ಖಾತೆಗೆ ತುಂಬಿಟ್ಟಿದ್ದ. ಕೊನೆಗೆ ಇನ್ನೂರು ವರ್ಷ ದಾಟಿದ ಬ್ಯಾಂಕನ್ನು ಐಎನ್‌ಜಿ ಒಂದು ಪೌಂಡಿಗೆ ಕೊಂಡಿತು. ಎರಡನೇ ದರ್ಜೆಯವರು ಅಂತ ಕರೆಸಿಕೊಳ್ಳುವವರು ಅಲ್ಲಿ ಸ್ವತಂತ್ರವಾಗಿ ಕೂತಿದ್ದರೆ ಹೀಗಾಗುತ್ತಿರಲಿಲ್ಲ. ಹಾಗಂತ ನಿಜವನ್ನೂ ಹೇಳಿಬಿಡುತ್ತೇನೆ: ರಿಸ್ಕು, ಆಪರೇಷನ್ಸ್‌ನಿಂದ ವಿಲೀನದ ತಂಡಕ್ಕೆ ಆಮೇಲೆ ದಾಟುವುದು ಕಷ್ಟ. "ಮೊದಲು ಒಳಗೆ ಹೋಗೋಣ, ಆಮೇಲೆ ನೋಡೋಣ" ಅನ್ನುವ ಲೆಕ್ಕಾಚಾರ ಎಲ್ಲ ಸಲವೂ ನಡೆಯೋಲ್ಲ. ರಿಸ್ಕ್ ಕೆಲಸ ಇಷ್ಟ ಅಂತಾದರೆ ಹೋಗು. ಅಲ್ಲಿಂದ ಬೇರೆ ಕಡೆ ಜಿಗಿಯಬಹುದು ಅಂತ ಹೋಗಬೇಡ.

ನನಗೆ ಕೇಳಿದರೆ ಕ್ರೆಡಿಟ್ ಕೆಲಸಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಸಾಲ ಕೊಡುವ ವಿಭಾಗ, ಮೂಡೀಸ್, ಎಸ್ ಆ್ಯಂಡ್ ಪಿ, ಫಿಚ್‌ನಂಥ ರೇಟಿಂಗ್ ಸಂಸ್ಥೆಗಳು, ಬಾಂಡ್ ಫಂಡುಗಳು, ಎಲ್ಲ ಕಡೆ ಇದೇ ಕೆಲಸ. ಷೇರಿನವರು ಎಲ್ಲ ಸರಿಹೋದರೆ ಎಷ್ಟು ಸಿಗುತ್ತದೆ ಅಂತ ನೋಡುತ್ತಾರೆ. ಕ್ರೆಡಿಟ್‌ನವರು ಎಲ್ಲ ಕೆಟ್ಟುಹೋದರೆ ಎಷ್ಟು ವಾಪಸ್ ಬರುತ್ತದೆ ಅಂತ ನೋಡುತ್ತಾರೆ. ಅವರೇ ಲೆಕ್ಕಪಟ್ಟಿಗಳ ಹಿಂದಿರುವ ಟಿಪ್ಪಣಿಗಳನ್ನು ಓದುವವರು. ಯಾವ ಸಾಲ ಯಾವ ವರ್ಷ ತೀರಿಸಬೇಕು, ಯಾವ ಷರತ್ತು ಮುರಿದರೆ ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ, ಅಂಗಸಂಸ್ಥೆಯ ನಗದು ಮೇಲಿನ ಕಂಪನಿಗೆ ನಿಜವಾಗಿ ಸಿಗುತ್ತದಾ? ಇವನ್ನೆಲ್ಲ ಕೆದಕಿ ಕಲಿತವರು ಯಾವ ಕಡೆ ಹೋದರೂ ಬದುಕುತ್ತಾರೆ. ನನ್ನ ಟ್ರೆಷರಿ ಕೆಲಸವೂ ಇದರ ನೆಂಟನೇ. ಸಂಬಳ ಬ್ಯಾಂಕಿನವರಷ್ಟಿಲ್ಲ. ಆದರೆ ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ಒಳಗಿನಿಂದ ನೋಡುತ್ತೇನೆ. ನಿನ್ನ ಶಾಲೆಯ ಕಾರ್ಯಕ್ರಮಗಳಿಗೆ ಬರಲೂ ಆಗುತ್ತಿತ್ತು, ಅಲ್ವಾ?

ಈಗ ಒಳಗೆ ಹೋಗುವ ದಾರಿ. ದೊಡ್ಡ ಬ್ಯಾಂಕುಗಳಲ್ಲಿ ಮುಖ್ಯ ಬಾಗಿಲು ಒಂದೇ: ಪದವಿಯ ಕೊನೇ ವರ್ಷಕ್ಕೆ ಮುಂಚಿನ ಬೇಸಿಗೆಯ ಇಂಟರ್ನ್‌ಶಿಪ್. ಎಂಟು ಹತ್ತು ವಾರ ಕೆಲಸ ಮಾಡಿಸಿ, ಇಷ್ಟವಾದರೆ ಖಾಯಂ ಕೆಲಸ ಕೊಡುತ್ತಾರೆ. ಅದಕ್ಕೆ ಅರ್ಜಿ ಒಂದು ವರ್ಷ ಮುಂಚೆಯೇ, ಕೆಲವು ಕಡೆ ಅದಕ್ಕೂ ಮುಂಚೆ ಶುರುವಾಗುತ್ತದೆ. ಬಂದ ಅರ್ಜಿಗಳನ್ನು ಬಂದ ಹಾಗೆ ನೋಡುತ್ತಾ ಹೋಗುವವರೇ ಜಾಸ್ತಿ, ಹಾಗಾಗಿ ಕೊನೇ ದಿನಾಂಕ ನೋಡಿಕೊಂಡು ಕೂತವರು ಅರ್ಧ ಸೋತ ಹಾಗೇ. ನಿನಗೀಗ ಎರಡನೇ ವರ್ಷ. ಲೆಕ್ಕ ನೀನೇ ಹಾಕಿಕೋ.

ಆ ಬಾಗಿಲು ತಪ್ಪಿದರೆ ಮುಗಿಯಿತು ಅಂತಲ್ಲ. ಸಣ್ಣ ಬ್ಯಾಂಕುಗಳಲ್ಲಿ, ಬುಟೀಕ್ ಅನ್ನುತ್ತಾರಲ್ಲ, ವರ್ಷದ ಯಾವ ಹೊತ್ತಿನಲ್ಲೂ ಜಾಗ ಖಾಲಿಯಾಗಬಹುದು. ಅಲ್ಲಿ ತಂಡ ಚಿಕ್ಕದು, ಹಾಗಾಗಿ ಬೇಗ ಗಿರಾಕಿಯ ಮುಂದೆ ಕೂರಲು ಸಿಗುತ್ತದೆ. ಇನ್ನೊಂದು ದಾರಿ ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ ಇಂಥ ಲೆಕ್ಕಪರಿಶೋಧನೆಯ ದೊಡ್ಡ ಸಂಸ್ಥೆಗಳ ಕಡೆ. ಅಲ್ಲಿ ಮೌಲ್ಯಮಾಪನ ಮಾಡುವ, ಕೊಳ್ಳುವ ಮುಂಚೆ ಕಂಪನಿಯ ಲೆಕ್ಕ ಜಾಲಾಡುವ ತಂಡಗಳಿವೆ. ಅಲ್ಲಿ ಎರಡು ಮೂರು ವರ್ಷ ಬೆವರಿಳಿಸಿದವರನ್ನು ಬ್ಯಾಂಕುಗಳು ಖುಷಿಯಿಂದ ಕರೆಯುತ್ತವೆ. ಇನ್ನೊಬ್ಬರ ಲೆಕ್ಕದಲ್ಲಿ ಏನು ಅಡಗಿರುತ್ತದೆ ಅಂತ ಕಂಡವರು ಅವರು.

ಪರಿಚಯ ಇಲ್ಲದವರಿಗೆ ಬರೆಯೋಕೆ ನಿನಗೆ ಮುಜುಗರ ಅಂತ ಗೊತ್ತು. ಆದರೂ ಬರೆಯಬೇಕು. ನನಗೂ ವಿದ್ಯಾರ್ಥಿಗಳಿಂದ ಇಂಥ ಇ-ಮೇಲ್ ಬರುತ್ತವೆ. "ನಿಮ್ಮ ಅಮೂಲ್ಯ ಮಾರ್ಗದರ್ಶನ ಬೇಕು" ಅಂತ ಶುರುವಾದ ಉದ್ದನೆಯ ಪತ್ರಕ್ಕೆ ಏನು ಉತ್ತರ ಕೊಡೋದು ಅಂತ ನನಗೇ ತಿಳಿಯೋಲ್ಲ. ಆದರೆ ಒಬ್ಬ ಹುಡುಗ ನಾಲ್ಕು ಸಾಲಿನಲ್ಲಿ ಬರೆದಿದ್ದ: ನಿಮ್ಮ ಕಂಪನಿಯ ವಾರ್ಷಿಕ ವರದಿ ಓದಿದೆ, ಬಡ್ಡಿ ದರ ಏರುತ್ತಿದ್ದಾಗ ನೀವು ಬದಲಾಗುವ ದರದ ಸಾಲವನ್ನು ಹಾಗೇ ಉಳಿಸಿಕೊಂಡದ್ದು ಯಾಕೆ, ಹದಿನೈದು ನಿಮಿಷ ಮಾತಾಡಬಹುದಾ? ಅವನಿಗೆ ಅವತ್ತೇ ಫೋನ್ ಮಾಡಿದೆ. ಅರ್ಧ ಗಂಟೆ ಮಾತಾಡಿದೆವು. ಕೆಲಸ ಕೊಡಿಸಿ ಅಂತ ಅವನು ಕೇಳಲೂ ಇಲ್ಲ, ನಾನೇ ಇಬ್ಬರ ಹೆಸರು ಕೊಟ್ಟೆ.

ಕೊನೆಗೂ ನಿನ್ನ ಪ್ರಶ್ನೆಗೆ ಬಂದೆ. ಸಿಎಫ್‌ಎ ಒಳ್ಳೆಯ ಪರೀಕ್ಷೆ, 1963ರಿಂದ ನಡೆಯುತ್ತಿದೆ. ಮೂರು ಹಂತ, ಒಂದೊಂದಕ್ಕೂ ಸುಮಾರು 300 ಗಂಟೆ ಓದು ಬೇಕು ಅಂತ ನಡೆಸುವವರೇ ಹೇಳುತ್ತಾರೆ. ಮೂರೂ ಪಾಸಾದರೂ ಸಾಲದು, ಕನಿಷ್ಠ 36 ತಿಂಗಳಲ್ಲಿ 4000 ಗಂಟೆಯ ಅನುಭವ ಇದ್ದರೆ ಮಾತ್ರ ಹೆಸರಿನ ಮುಂದೆ ಹಾಕಿಕೊಳ್ಳಬಹುದು. ರಿಸರ್ಚ್, ಅಸೆಟ್ ಮ್ಯಾನೇಜ್‌ಮೆಂಟ್, ಕ್ರೆಡಿಟ್ ಕಡೆ ಅದಕ್ಕೆ ನಿಜವಾದ ಬೆಲೆ ಇದೆ. ವಿಲೀನದ ತಂಡಕ್ಕೆ ಅದು ಪ್ರವೇಶ ಚೀಟಿ ಅಲ್ಲ. ಪದವಿ ಮುಗಿಯಲು 23 ತಿಂಗಳು ಇಲ್ಲವೇ ಅದಕ್ಕಿಂತ ಕಡಿಮೆ ಇದ್ದರೆ ಮೊದಲ ಹಂತ ಬರೆಯಲು ಬಿಡುತ್ತಾರೆ. ಕಾಲೇಜಿನ ಅಂಕ ಕೆಡುವುದಿಲ್ಲ ಅನ್ನೋ ಧೈರ್ಯ ಇದ್ದರೆ ಒಂದು ಹಂತ ಬರೆ, ಓದಿದ್ದು ವ್ಯರ್ಥವಾಗೋಲ್ಲ. ರಿಸ್ಕ್ ಕಡೆ ಮನಸ್ಸು ಹೋದರೆ ಎಫ್‌ಆರ್‌ಎಂ ಅನ್ನೋ ರಿಸ್ಕ್ ಪರೀಕ್ಷೆ ನೋಡು. ಎಂಬಿಎ ಈಗ ಬೇಡವೇ ಬೇಡ. ಅದು ನಾಲ್ಕೈದು ವರ್ಷ ಬೇರೆ ಕಡೆ ದುಡಿದವರು ದಾರಿ ಬದಲಿಸಿ ಅಸೋಸಿಯೇಟ್ ಆಗಿ ಸೇರಲು ಇರುವ ಬಾಗಿಲು. ದುಬಾರಿ ಬಾಗಿಲು. ಇಪ್ಪತ್ತರಲ್ಲಿ ನೇರ ದಾರಿ ಎದುರಿಗಿರುವಾಗ ಅದರ ಯೋಚನೆ ಯಾಕೆ?

ಈ ಕೆಲಸಗಳನ್ನು ಯಂತ್ರ ನುಂಗಿಬಿಡುತ್ತದೆ ಅಂತಲೂ ನೀನು ಹೆದರಿದ್ದೆ. ಪುಟ ಜೋಡಿಸುವುದು, ಅಂಕಿ ಹೆಕ್ಕುವುದು ಎಐಗೆ ಹೋಗುತ್ತಿದೆ, ಹೋಗಲಿ. ಸಿಎಫ್‌ಓ ಪುಟ ತಿರುವಿ "ಇದು ಎಲ್ಲಿಂದ?" ಅಂದಾಗ ಟೇಬಲ್ಲಿನ ಕೊನೆಯಲ್ಲಿ ಯಾರೋ ಒಬ್ಬರು ಉತ್ತರ ಹೇಳಬೇಕು. ಅದು ಹೋಗುವುದಿಲ್ಲ.

ಈ ರಜೆಯಲ್ಲಿ ಒಂದು ಕೆಲಸ ಮಾಡು. ನಿನಗೆ ಇಷ್ಟವಾದ ಒಂದು ಕಂಪನಿ ಆರಿಸಿಕೋ, ಅದರ ವಾರ್ಷಿಕ ವರದಿ ಇಳಿಸಿಕೋ. ಅಧ್ಯಕ್ಷರ ಸಂದೇಶ ಬಿಟ್ಟುಬಿಡು, ಹಿಂದಿನಿಂದ ಟಿಪ್ಪಣಿಗಳನ್ನು ಓದು. ಆಮೇಲೆ ಮೂರು ಲೆಕ್ಕಪಟ್ಟಿಗಳನ್ನು ಖಾಲಿ ಎಕ್ಸೆಲ್ ಶೀಟಿನಲ್ಲಿ ನೀನೇ ಕಟ್ಟು, ಮೌಸ್ ಮುಟ್ಟದೆ. ಮೌಲ್ಯಮಾಪನಕ್ಕೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಶ್ವತ್ಥ್ ದಾಮೋದರನ್ ತಮ್ಮ ಇಡೀ ತರಗತಿಯನ್ನು ಉಚಿತವಾಗಿ ಅಂತರ್ಜಾಲದಲ್ಲಿ ಹಾಕಿದ್ದಾರೆ, ಅದಕ್ಕಿಂತ ಒಳ್ಳೆಯದನ್ನು ಯಾವ ದುಬಾರಿ ಕೋರ್ಸೂ ಕೊಡುವುದಿಲ್ಲ. ಬ್ಯಾಲೆನ್ಸ್ ಶೀಟ್ ಸಮವಾಗದೆ ರಾತ್ರಿ ತಲೆ ಕೆರೆದುಕೊಂಡರೆ ಫೋನ್ ಮಾಡು, ಆದರೆ ಉತ್ತರ ಹೇಳೋಲ್ಲ, ಎಲ್ಲಿ ಹುಡುಕಬೇಕು ಅಂತ ಮಾತ್ರ ಹೇಳುತ್ತೇನೆ.

ರೆಸ್ಯೂಮೆ ಈ ಭಾನುವಾರದೊಳಗೆ ಕಳಿಸು. ಒಂದೇ ಪುಟ. "ಕಠಿಣ ಪರಿಶ್ರಮಿ" ಅಂತೆಲ್ಲ ಬರೆದರೆ ಮೊದಲು ಅದನ್ನೇ ಹೊಡೆದು ಹಾಕುತ್ತೇನೆ. ಮತ್ತೆ ವರ್ಡ್ ಫೈಲೇ ಕಳಿಸು, ಪಿಡಿಎಫ್ ಬೇಡ. ತಿದ್ದೋದು ಸಿಕ್ಕಾಪಟ್ಟೆ ಇರುತ್ತದೆ.

ಪ್ರೀತಿಯಿಂದ,
ಅಮ್ಮ